ತಕ್ಕಡಿಯ ಬಟ್ಟೇ ಬದಲಾದರೆ? ನುಸಿಯ ಜೀನ್ ಅಳೆಯೋ ಲೆಕ್ಕ

ರಿಚರ್ಡ್ಸ್ ಟೌನ್‌ನ ಹಳೇ ಮನೆಗಳ ಕಾಂಪೌಂಡಿನಲ್ಲಿ ಗುಲಾಬಿ ಕುಂಡಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ಅಂಥ ಗಿಡದ ಒಂದು ಎಲೆ ತಿರುಗಿಸಿ ನೋಡಿ. ಮೇಲೆ ಸಣ್ಣ ಹಳದಿ ಚುಕ್ಕೆ, ಕೆಳಗೆ ತೆಳ್ಳನೆ ಬಲೆ ಕಂಡರೆ ಅದು ಹೆಚ್ಚಾಗಿ ಜೇಡ ನುಸಿಯ ಕೆಲಸ. ನುಸಿ ಕೀಟ ಅಲ್ಲ. ಬೆಳೆದ ಜೇಡ ನುಸಿಗೆ ಎಂಟು ಕಾಲು, ಉದ್ದ ಸುಮಾರು ಅರ್ಧ ಮಿಲಿಮೀಟರ್, ಜೇಡದ ದೂರದ ನೆಂಟ.

ಕುಂಡದಲ್ಲಿ ಇದು ಸಣ್ಣ ತೊಂದರೆ, ಹೊಲದಲ್ಲಿ ದೊಡ್ಡದು. ಟೊಮೆಟೊ, ಬದನೆ, ಬೆಂಡೆ, ಪಾಲಿಹೌಸ್ ಗುಲಾಬಿ, ಎಲ್ಲಕ್ಕೂ ನುಸಿ ಕಾಟ ಇದೆ. 1990ರ ದಶಕದ ಕೊನೆಗೆ ಬಂದ ತೆಂಗಿನ ನುಸಿ ಪೀಡೆ ನಮ್ಮ ಊರುಗಳ ಹಿರಿಯರಿಗೆ ಇನ್ನೂ ನೆನಪಿದೆ. ನುಸಿಗಳ ಬಗ್ಗೆ ದೇಶದಾದ್ಯಂತ ನಡೆಯುವ ಸಂಶೋಧನಾ ಯೋಜನೆಯ ಸಮನ್ವಯ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ.

ಸಮಸ್ಯೆ ಏನಂದ್ರೆ, ಜೇಡ ನುಸಿ ಔಷಧಿಗೆ ಬೇಗ ಒಗ್ಗಿಕೊಳ್ಳುತ್ತೆ. ಬಿಸಿಲು ಹೆಚ್ಚಿದ್ದಾಗ ಒಂದೆರಡು ವಾರದೊಳಗೆ ಹೊಸ ತಲೆಮಾರು ಬರುತ್ತೆ. ವಿಷವನ್ನು ಒಡೆದು ಹಾಕುವ ಪಿ450 ಗುಂಪಿನ ಜೀನ್‌ಗಳು ಜೋರಾಗಿ ಕೆಲಸ ಮಾಡೋದು ಇದಕ್ಕೆ ಒಂದು ಕಾರಣ. 2011ರಲ್ಲಿ ಜೇಡ ನುಸಿಯ ಪೂರ್ತಿ ಜೀನೋಮ್ ಪ್ರಕಟವಾಯಿತು. ಗಾತ್ರ ಸುಮಾರು 9 ಕೋಟಿ ಅಕ್ಷರ. ಆಮೇಲೆ ಇಂಥ ಜೀನ್‌ಗಳನ್ನು ಹುಡುಕೋದು ಸುಲಭವಾಯಿತು. ಆದರೆ ಜೋರು ಅಂದರೆ ಎಷ್ಟು ಜೋರು?

ಅಳೆಯೋಕೆ ಕ್ಯೂಪಿಸಿಆರ್ ಯಂತ್ರ ಇದೆ. ನುಸಿಯ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿ ಯಂತ್ರಕ್ಕೆ ಕೊಟ್ಟರೆ, ಪ್ರತಿ ಸೈಕಲ್‌ಗೂ ಅದು ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಸಿಗ್ನಲ್ ಒಂದು ಗೆರೆ ದಾಟಿದ ಸೈಕಲ್ ಸಂಖ್ಯೆಯೇ ಸಿಟಿ. ಸಿಟಿ ಕಡಿಮೆ ಇದ್ದಷ್ಟೂ ಜೀನ್ ಕೆಲಸ ಹೆಚ್ಚು. ಆದರೆ ಒಂದು ಟ್ಯೂಬಿಗೆ ಆರ್‌ಎನ್‌ಎ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಬಿದ್ದಿರಬಹುದು. ಅದಕ್ಕೇ ಏರಿಳಿತ ಇಲ್ಲದ ಇನ್ನೊಂದು ಜೀನ್ ಜೊತೆ ಹೋಲಿಸಬೇಕು. ಅದೇ ರೆಫರೆನ್ಸ್ ಜೀನ್. ಸರ್ಕ್ಯೂಟ್‌ನಲ್ಲಿ ಗ್ರೌಂಡ್ ಇದ್ದ ಹಾಗೆ, ತಕ್ಕಡಿಯಲ್ಲಿ ಬಟ್ಟು ಇದ್ದ ಹಾಗೆ.

ಒಂದು ಲೆಕ್ಕ ಹಾಕೋಣ (ಅಂಕಿಗಳು ಉದಾಹರಣೆಗೆ ಮಾತ್ರ). ಔಷಧಿ ಹೊಡೆಯುವ ಮುಂಚೆ ಪಿ450 ಸಿಟಿ 25, ಆಕ್ಟಿನ್ ಜೀನ್ ಸಿಟಿ 18, ವ್ಯತ್ಯಾಸ 7. ಹೊಡೆದ ಮೇಲೆ 23 ಮತ್ತು 20, ವ್ಯತ್ಯಾಸ 3. ಒಟ್ಟು 4 ಸೈಕಲ್ ಬದಲಾವಣೆ, ಅಂದರೆ 2ರ ಘಾತ 4. ಪಿ450 16 ಪಟ್ಟು ಹೆಚ್ಚಿದೆ ಅಂತ ಬರೆದುಬಿಡ್ತೀವಿ. ಆದರೆ ಔಷಧಿಯಿಂದ ಆಕ್ಟಿನ್ನೇ ಕುಸಿದಿದ್ದರೆ? ಎರಡೂ ಸಲ 19ರಲ್ಲೇ ನಿಂತ ಇನ್ನೊಂದು ಜೀನ್ ತಗೊಂಡರೆ ವ್ಯತ್ಯಾಸ 6ರಿಂದ 4ಕ್ಕೆ ಇಳಿಯುತ್ತೆ. ನಿಜವಾದ ಹೆಚ್ಚಳ 4 ಪಟ್ಟು ಮಾತ್ರ. ನುಸಿ ಅದೇ, ಯಂತ್ರ ಅದೇ. ಬಟ್ಟು ಬದಲಾಯಿತು ಅಷ್ಟೇ. ಇಂಥ ತಪ್ಪು ಅಂಕಿ ನಂಬಿ ಯಾವ ಔಷಧಿ ಬಿಡಬೇಕು, ಯಾವುದು ಹೊಡೀಬೇಕು ಅಂತ ಸಲಹೆ ಹೋದರೆ, ನಷ್ಟ ಲ್ಯಾಬ್‌ಗಲ್ಲ, ರೈತರಿಗೆ.

ಹಾಗಾದರೆ ಆಯ್ಕೆ ಹೇಗೆ? ಮೊದಲು ಏಳೆಂಟು ಅಭ್ಯರ್ಥಿಗಳನ್ನು ತಗೊಳ್ಳಬೇಕು: ಆಕ್ಟಿನ್, ಟ್ಯುಬುಲಿನ್, ಜಿಎಪಿಡಿಎಚ್, ಇಎಫ್1 ಆಲ್ಫಾ, ರೈಬೋಸೋಮ್ ಪ್ರೋಟೀನ್‌ಗಳ ಜೀನ್‌ಗಳು. ಎಲ್ಲವನ್ನೂ ನಮ್ಮ ಪ್ರಯೋಗದ ಸ್ಥಿತಿಯಲ್ಲೇ ಅಳೀಬೇಕು: ಮೊಟ್ಟೆ, ಮರಿ, ಬೆಳೆದ ನುಸಿ, ಬೇರೆ ಬೇರೆ ತಾಪಮಾನ, ಬೇರೆ ಬೇರೆ ಗಿಡ, ಔಷಧಿ ಹೊಡೆದದ್ದು, ಹೊಡೆಯದ್ದು.

ಆಮೇಲೆ ಸ್ಥಿರತೆಯ ಲೆಕ್ಕ. 2002ರಲ್ಲಿ ಬಂದ ಜೀನಾರ್ಮ್ ವಿಧಾನದ ಉಪಾಯ ಸರಳ. ಎರಡು ಜೀನ್‌ಗಳೂ ಸ್ಥಿರವಾಗಿದ್ದರೆ ಅವುಗಳ ಅನುಪಾತ ಎಲ್ಲ ಸ್ಯಾಂಪಲ್‌ಗಳಲ್ಲೂ ಒಂದೇ ಇರಬೇಕು. ಪ್ರತಿ ಜೋಡಿಗೆ ಅನುಪಾತದ ಲಾಗ್ ತೆಗೆದು, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಹಿಡಿದು, ಹೆಚ್ಚು ಅಲುಗಾಡುವ ಜೀನನ್ನು ಹೊರಗೆ ಹಾಕುತ್ತಾ ಹೋಗಬೇಕು. ಇದರಲ್ಲೂ ಒಂದು ಮೋಸ ಇದೆ: ಎರಡು ಜೀನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೂ ಅನುಪಾತ ಬದಲಾಗಲ್ಲ. ಅದಕ್ಕೇ ಬೇರೆ ಬೇರೆ ಕೆಲಸದ ಜೀನ್‌ಗಳನ್ನು ಆರಿಸಬೇಕು. ನಾರ್ಮ್‌ಫೈಂಡರ್, ಬೆಸ್ಟ್‌ಕೀಪರ್ ವಿಧಾನಗಳಲ್ಲೂ ನೋಡಬೇಕು. ಕೊನೆಗೆ ಒಂದೇ ಜೀನ್ ನಂಬದೆ ಎರಡು ಮೂರರ ಸಿಟಿ ಸರಾಸರಿ ಬಳಸಬೇಕು. ಸಿಟಿ ಲಾಗ್ ಅಳತೆಯಾದ್ದರಿಂದ ಅದು ಪ್ರಮಾಣಗಳ ಜಿಯೋಮೆಟ್ರಿಕ್ ಮೀನ್ ಆಗುತ್ತೆ. ಎಂ-1ರಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಎಲ್ಲ ನುಸಿಗೂ, ಎಲ್ಲ ಪ್ರಯೋಗಕ್ಕೂ ಒಗ್ಗುವ ಒಂದೇ ಜೀನ್ ಇಲ್ಲ. ಬಿಸಿಲಿನ ಪ್ರಯೋಗದಲ್ಲಿ ಗಟ್ಟಿಯಾಗಿ ನಿಂತದ್ದು ಔಷಧಿ ಪ್ರಯೋಗದಲ್ಲಿ ಕುಸಿಯಬಹುದು. ಬಯೋಟೆಕ್ ಗೆಳೆಯರೇ, ಮುಂದಿನ ಸಲ ಯಾವುದಾದರೂ ಪೇಪರಿನಲ್ಲಿ "ಇಷ್ಟು ಪಟ್ಟು ಹೆಚ್ಚಿದೆ" ಅಂತ ಓದಿದಾಗ ಮೊದಲು ಕೇಳಿ: ಯಾವುದಕ್ಕೆ ಹೋಲಿಸಿ? ಅದು ಸ್ಥಿರ ಅಂತ ಇದೇ ಪ್ರಯೋಗದಲ್ಲಿ ತೋರಿಸಿದ್ದಾರಾ?