ಬದುಕು ಬದಲಾದಾಗ ಓಟು ಎಲ್ಲಿಗೆ ಹೋಗುತ್ತದೆ?



ಬೆಳಿಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ಹತ್ತು ಎಕರೆಯವರೂ ಇರುತ್ತಾರೆ, ಒಂದೇ ಹಸು ಕಟ್ಟಿದವರೂ ಇರುತ್ತಾರೆ. ಸಂಘದ ಚುನಾವಣೆಯಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು. ವಿಧಾನಸಭೆಗೂ ಲೋಕಸಭೆಗೂ ಹಾಗೆಯೇ. ಆದರೆ ನಡುವಯಸ್ಸಿನಲ್ಲಿ ವರಮಾನ ಏರಿದಾಗ ಅಥವಾ ಇಳಿದಾಗ ಆ ಓಟು ಏನಾಗುತ್ತದೆ?

ಹಣ, ಓದು ಹೆಚ್ಚಿದಂತೆ ಓಟು ಹಾಕುವವರೂ ಹೆಚ್ಚುತ್ತಾರೆಂಬುದು ಅಮೆರಿಕದಲ್ಲಿ ಕಂಡ ಮಾತು. ನಮ್ಮಲ್ಲಿ ಲೆಕ್ಕ ಬೇರೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಸೇರಿರುವ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ 77 ಮಂದಿ. ಹಳ್ಳಿಯವರಿಗೆ ರಾಜಕೀಯ ತಿಳಿಯದು ಎನ್ನುವ ಪೇಟೆಯ ಮಹನೀಯರು ಇದನ್ನು ಗಮನಿಸಲಿ.

ಈಗ ನಲ್ಲೂರಿನ ಕಡೆ ನೋಡೋಣ. ಅಲ್ಲಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರುವರ್ಷವೇ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಸುತ್ತಲಿನ ಭೂಮಿಯ ಬೆಲೆ ಗಗನಕ್ಕೇರಿತು. ಮುಂದೆ ನಲ್ಲೂರು ಸೇರಿದಂತೆ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯುವ ಪ್ರಸ್ತಾಪ ಬಂತು. ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇಂತಹ ಸೀಮೆಯಲ್ಲಿ ಒಬ್ಬನ ಅದೃಷ್ಟ ಒಂದೇ ವರ್ಷದಲ್ಲಿ ತಿರುಗಬಹುದು.

ಉದಾಹರಣೆಗೆ ಇಬ್ಬರನ್ನು ಇಟ್ಟುಕೊಳ್ಳೋಣ. ಒಬ್ಬರು ಎರಡು ಎಕರೆ ಮಾರಿ, ಹಸುಗಳನ್ನೂ ಕೊಟ್ಟು, ಮಕ್ಕಳ ಶಾಲೆಗೆಂದು ಯಲಹಂಕದಲ್ಲಿ ಮನೆ ಮಾಡಿದರು. ಇನ್ನೊಬ್ಬರು ಸಾಲಕ್ಕೆ ಹಸು ಮಾರಿ, ದೂರದ ಗೋದಾಮಿನಲ್ಲಿ ಕೂಲಿಗೆ ಸೇರಿ, ಅಲ್ಲೇ ಕೋಣೆ ಹಿಡಿದರು. ಒಬ್ಬರು ಮೇಲೇರಿದರು, ಇನ್ನೊಬ್ಬರು ಕೆಳಗಿಳಿದರು. ಆದರೆ ಚುನಾವಣೆಯ ದಿನ ಇಬ್ಬರೂ ಮನೆಯಲ್ಲೇ ಉಳಿಯುವ ಸಂಭವ ಹೆಚ್ಚು. ಹೆಸರು ಹಳೆಯ ಊರಿನ ಪಟ್ಟಿಯಲ್ಲಿರುತ್ತದೆ. ಹೊಸ ಬೀದಿಯಲ್ಲಿ "ಬಾರಪ್ಪ, ಓಟು ಹಾಕಿ ಬರೋಣ" ಎಂದು ಕರೆಯುವವರಿಲ್ಲ. ಮನೆ ಬದಲಿಸಿದವರು ಕಡಿಮೆ ಮತ ಹಾಕುವುದಕ್ಕೆ ಹೊಸ ಜಾಗದಲ್ಲಿ ಮತ್ತೆ ನೋಂದಾಯಿಸಬೇಕಾದ ತೊಡಕೇ ದೊಡ್ಡ ಕಾರಣವೆಂದು ಅಮೆರಿಕದ ವಿದ್ವಾಂಸರು 1987ರಲ್ಲೇ ಬರೆದಿದ್ದಾರೆ. ನನಗನಿಸುವಂತೆ ಹಣದ ಏರಿಳಿತಕ್ಕಿಂತ ಹಾಲಿನ ಸಾಲು ಬಿಟ್ಟದ್ದೇ ಇಲ್ಲಿ ಹೆಚ್ಚು ಪೆಟ್ಟು. ಓಟಿನ ಸುದ್ದಿ, ಪಟ್ಟಿಯ ಸುದ್ದಿ ಎಲ್ಲ ಆ ಸಾಲಿನಲ್ಲೇ ತಾನೆ ತಿಳಿಯುತ್ತಿದ್ದುದು?

ಕಾನೂನು ಏನು ಹೇಳುತ್ತದೆಂದು ತಿಳಿದಿರಬೇಕು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ಅಲ್ಲಿನ ಮತದಾರರಾಗುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ವಾಸವಿರಬೇಕು. ಹಾಗೆಯೇ ಕೂಲಿಗೆಂದು ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಖಾಯಂ ಆಗಿ ವಾಸ ಬದಲಿಸಿದವರು ನಮೂನೆ 8ನ್ನು ತುಂಬಿ ಹೊಸ ಕಡೆಯ ಮತಗಟ್ಟೆ ಅಧಿಕಾರಿಗೆ ಕೊಡಬೇಕು. ಮೊದಲ ಬಾರಿ ಸೇರುವ ಮಕ್ಕಳಿಗೆ ನಮೂನೆ 6. ಗುರುತಿನ ಚೀಟಿ ಜೇಬಿನಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ ಎಂಬುದನ್ನು ಅನೇಕರು ಮತಗಟ್ಟೆಗೆ ಹೋದ ಮೇಲೆಯೇ ತಿಳಿಯುತ್ತಾರೆ.

ಇನ್ನೊಂದು ವಿಷಯ. ಗೋದಾಮು, ಕಾರ್ಖಾನೆ, ಅಂಗಡಿಯಲ್ಲಿ ದುಡಿಯುವ ಮತದಾರರಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಕಾಯ್ದೆಯ 135ಬಿ ಪ್ರಕರಣ ಹೇಳುತ್ತದೆ. ದಿನಗೂಲಿಯವರಿಗೂ ಇದು ಅನ್ವಯ. ಊರು ಬಿಟ್ಟು ದುಡಿಯುತ್ತಿರುವ ನಿಮ್ಮ ಹಳೆಯ ಸದಸ್ಯರು ಹಬ್ಬಕ್ಕೆ ಬಂದಾಗ ಈ ಪುಟವನ್ನು ಅವರಿಗೆ ಓದಿ ಹೇಳಿರಿ.