ಫ್ಯಾಟ್ ಯಂತ್ರ ಅಳೆಯುವುದು ಏನನ್ನು?



“ನಿನ್ನೆ 4.2, ಇವತ್ತು 3.6. ಹಸು ಅದೇ, ಮೇವೂ ಅದೇ” ಎಂಬ ದೂರು ಸಂಘಗಳಲ್ಲಿ ಹೊಸದಲ್ಲ. ಫ್ಯಾಟ್ ಇಳಿದರೆ ದರವೂ ಇಳಿಯುವುದರಿಂದ ಯಂತ್ರದ ಕೆಲಸ ತಿಳಿದಿರುವುದು ಒಳ್ಳೆಯದು.

ಸಂಘಗಳಲ್ಲಿರುವ ಅಲ್ಟ್ರಾಸಾನಿಕ್ ಯಂತ್ರ ಜಿಡ್ಡನ್ನು ಬೇರ್ಪಡಿಸುವುದಿಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಹಾಲಿನಲ್ಲಿ ಹಾಯಿಸಿ, ಅದು ಸಾಗುವ ವೇಗದಿಂದ ಫ್ಯಾಟ್ ಮತ್ತು ಎಸ್.ಎನ್.ಎಫ್. ಲೆಕ್ಕ ಹಾಕುತ್ತದೆ. ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ನೊರೆ ಇಳಿದ ಮೇಲೆಯೇ ಪರೀಕ್ಷೆ ಆಗಬೇಕು. ಹುಳಿ ತಿರುಗಿದ ಹಾಲಿಗೆ ಈ ಯಂತ್ರ ನಡೆಯದು. ಹಸು, ಎಮ್ಮೆ ಹಾಲಿಗೆ ಬೇರೆ ಬೇರೆ ಗುಂಡಿ ಇದ್ದರೆ ಸರಿಯಾದದ್ದನ್ನೇ ಒತ್ತಿದ್ದಾರೆಯೇ ನೋಡಿ.

ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಚೆನ್ನಾಗಿ ಕಲಕದೆ ಮಾದರಿ ತೆಗೆದರೆ ಮೇಲಿನದಕ್ಕೆ ಒಂದು ಅಂಕಿ, ತಳದ್ದಕ್ಕೆ ಇನ್ನೊಂದು. ಇನ್ನೊಂದು ಮಾತು: ಕೆಚ್ಚಲಿನ ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದನ್ನು ಕರುವಿಗೆ ಬಿಟ್ಟು ಮೊದಲ ಹಾಲನ್ನು ಸಂಘಕ್ಕೆ ತಂದವರು ಯಂತ್ರವನ್ನು ಬೈದು ಪ್ರಯೋಜನವಿಲ್ಲ!

ಯಂತ್ರವನ್ನು ತೂಗಿ ನೋಡಲು ಹಳೆಯ ಗರ್ಬರ್ ಪರೀಕ್ಷೆಯೇ ಆಧಾರ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಜಿಡ್ಡು ಬೇರೆಯಾಗಿ ಗಾಜಿನ ಕೊಳವೆಯಲ್ಲಿ ಕಣ್ಣಿಗೇ ಕಾಣುತ್ತದೆ. ಅನುಮಾನ ಬಂದಾಗ ಅದೇ ಮಾದರಿಯನ್ನು ಗರ್ಬರ್‌ಗೆ ಹಾಕಿಸುವಂತೆ ಕಾರ್ಯದರ್ಶಿಯವರನ್ನು ಕೇಳಿ.