ನಾಯಕ ಹೋದ ಮೇಲೆ ಉಳಿಯುವುದೇನು?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲಿಯಾದರೂ ಸರಿ, ಚುನಾವಣೆಯ ದಿನಗಳಲ್ಲಿ ಹೋಟೆಲಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು ನೋಡಿ. "ನಾನು ಪಕ್ಷ ನೋಡುವುದಿಲ್ಲ, ಅವರ ಮುಖ ನೋಡಿ ಮತ ಹಾಕುತ್ತೇನೆ" ಎನ್ನುವವರು ಸಿಗುತ್ತಾರೆ. ಆ ಮುಖ ಮರೆಯಾದ ಮೇಲೆ ಆ ನಿಷ್ಠೆಯ ಗತಿಯೇನು? ಎಂದಾದರೂ ಆಲೋಚಿಸಿದ್ದೀರಾ?

ದೇವರಾಜ ಅರಸರನ್ನೇ ನೋಡಿ. 1972ರಲ್ಲಿ ಮುಖ್ಯಮಂತ್ರಿಯಾದ ಅವರು ಬಡವರ, ಹಿಂದುಳಿದವರ ನಾಯಕರೆಂದು ಹೆಸರಾದರು. 1978ರ ವಿಧಾನಸಭಾ ಚುನಾವಣೆಯಲ್ಲಿ ಅವರ ನೇತೃತ್ವದ ಇಂದಿರಾ ಕಾಂಗ್ರೆಸ್ 149 ಸ್ಥಾನ ಗೆದ್ದಿತು. ಮರುವರ್ಷ ಇಂದಿರಾ ಗಾಂಧಿಯವರೊಂದಿಗೆ ವಿರಸ ಬೆಳೆದು ಅರಸರು ಆ ಪಕ್ಷದಿಂದ ಹೊರಬಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 27 ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಅರಸರ ಸುತ್ತ ನೆರೆದಿದ್ದ ಶಾಸಕರು ಗುಂಪುಗುಂಪಾಗಿ ಅತ್ತ ಸರಿದರು. ಅದೇ ತಿಂಗಳು ಗುಂಡೂರಾಯರು ಮುಖ್ಯಮಂತ್ರಿಯಾದರು. 1982ರ ಜೂನ್ 6ರಂದು ಅರಸರು ತೀರಿಕೊಂಡರು.

ಆದರೆ 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ದಕ್ಕಿದ ಹೊಲ ಅರಸರೊಂದಿಗೆ ಹೋಗಲಿಲ್ಲ. ಸರಕಾರಗಳು ಬದಲಾದರೂ ಉಳುವವನ ಹಕ್ಕು ಉಳಿಯಿತು. ಹಿಂಬಾಲಕರು ಚದುರಿದರು, ನ್ಯಾಯದ ಕೆಲಸ ನಿಂತಿತು.

ಇನ್ನು ಉತ್ತರಾಧಿಕಾರದ ಮಾತು. 2020ರಲ್ಲಿ ಶಿರಾದ ಶಾಸಕ ಬಿ. ಸತ್ಯನಾರಾಯಣ ಅವರು ನಿಧನರಾದಾಗ ಜಾತ್ಯತೀತ ಜನತಾದಳವು ಅವರ ಪತ್ನಿ ಅಮ್ಮಾಜಮ್ಮನವರನ್ನು ಉಪಚುನಾವಣೆಯ ಕಣಕ್ಕಿಳಿಸಿತು. ಗೆದ್ದವರು ಭಾರತೀಯ ಜನತಾ ಪಕ್ಷದ ರಾಜೇಶ್ ಗೌಡರು. ಅಗಲಿದವರ ಮೇಲಿನ ಜನರ ಪ್ರೀತಿ ಸುಳ್ಳೆಂದು ಇದರ ಅರ್ಥವಲ್ಲ. ಮನೆ, ಹೊಲ ವಾರಸುದಾರರಿಗೆ ಸೇರುತ್ತವೆ. ಜನರ ವಿಶ್ವಾಸವಾದರೋ ಅಮಾನತ್ತು. ಅದನ್ನು ಪ್ರತಿಯೊಬ್ಬರೂ ಹೊಸದಾಗಿ ಸಂಪಾದಿಸಬೇಕು.

ಸಹೋದರರೇ, ನಾಯಕನನ್ನು ಪ್ರೀತಿಸುವುದು ತಪ್ಪಲ್ಲ. ಉಪಕಾರ ಸ್ಮರಣೆ ಸದ್ಗುಣವೇ. ಆದರೆ ಅವನ ತಪ್ಪನ್ನೂ ಸರಿಯೆಂದು ವಾದಿಸುವುದು ನಿಷ್ಠೆಯಲ್ಲ, ಅವನಿಗೂ ನಮಗೂ ಮಾಡಿಕೊಳ್ಳುವ ಅನ್ಯಾಯ. ಅವನ ನಂತರ ಯಾರು ಎಂಬ ಪ್ರಶ್ನೆ ಬಂದಾಗ, ಅವನಿಗೆ ಹತ್ತಿರದವರು ಯಾರೆಂದು ಹುಡುಕಬೇಡಿರಿ. ಅವನು ಮಾಡಿದ ಒಳಿತನ್ನು ಮುಂದುವರಿಸಬಲ್ಲವರು ಯಾರೆಂದು ಕೇಳಿರಿ.

ಕೊನೆಯದಾಗಿ ಒಂದು ಮಾತು. ಯಾರದೋ ಹೆಸರಿಗಾಗಿ ವಾದಕ್ಕಿಳಿದು ನೆರೆಮನೆಯವರೊಂದಿಗೆ ಮಾತು ಬಿಟ್ಟಿದ್ದೀರಾ? ಹಾಗಿದ್ದರೆ ಇಂದು ಸಂಜೆಯೇ ಹೋಗಿ ಮಾತನಾಡಿಸಿರಿ. ನಾಯಕರು ನಾಳೆ ಒಂದೇ ವೇದಿಕೆಯಲ್ಲಿ ಕುಳಿತಾರು. ನಿಮ್ಮ ಮನೆಯಲ್ಲಿ ಸಾವುನೋವಾದರೆ ಮೊದಲು ಬಾಗಿಲಿಗೆ ಬರುವವರು ಆ ನೆರೆಮನೆಯವರೇ.